ತಾಯಪ್ಪ ತಿಕ್ಕಿದ ಹಂಚು

ರೊಟ್ಟಿ ಹಂಚು ಬೆಳ್ಳಗಾದದ್ದೇ ಆ ದಿನದ ರಾದ್ಧಾಂತಕ್ಕೆಲ್ಲ ಮೂಲ.

ಅಡಿಗೆಮನೆಯಲ್ಲಿ ಏನಿದೆ ಏನಿಲ್ಲ ಎಂದು ಒಂದು ದಿನವಾದರೂ ನೋಡಿದ್ದೀರಾ ಎಂದು ಜಗಳ ತೆಗೆದು, ತಾಯಪ್ಪನ ಹೆಂಡತಿ ಬಾಲಮ್ಮ ಮೊನ್ನೆ ಗೋಗಿಯ ತವರಿಗೆ ಹೋಗಿದ್ದಳು. ಫೋನಿನಲ್ಲಿ ಕಾಡಿ ಬೇಡಿದ ಮೇಲೆ ಇಂದು ಸಂಜೆ ಬರುತ್ತೇನೆ ಎಂದಿದ್ದಳು. ಸುರಪುರದ ಕಚೇರಿಯೊಂದರಲ್ಲಿ ಜವಾನನಾಗಿದ್ದ ತಾಯಪ್ಪ ರಜೆ ಹಾಕಿ, ಹಲ್ಲು ಕಡಿಯುತ್ತ, ಪಾತ್ರೆಗಳನ್ನೆಲ್ಲ ಅಂಗಳಕ್ಕೆ ಎಳೆದು ತಿಕ್ಕತೊಡಗಿದ. ಕೆಸರಲ್ಲಿ ಹೊರಳಿದ ಎಮ್ಮೆಯಂತಿದ್ದ ಹಂಚಿನ ಮೇಲಂತೂ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತನ್ನ ಸಿಟ್ಟೆಲ್ಲ ತೀರಿಸಿಕೊಂಡ. ಹಂಚು ಬೆಳ್ಳಿ ತಟ್ಟೆಯಂತೆ ಹೊಳೆಯಿತು.

ಪಕ್ಕದ ಮನೆಯ ಗುರುಲಿಂಗಮ್ಮ ಅದನ್ನು ಕಂಡು ಹಣೆ ಬಡಿದುಕೊಂಡಳು.

“ಖೋಡಿ, ಹಂಚಿನ ಕರಿ ತೆಗದ್ಯಾ? ಎಣ್ಣಿ ಕುಡದು ಬೆಂಕಿ ತಿಂದು ಆ ಕರಿ ಕಟ್ಟಿರ್ತದ. ಅದಿದ್ರನ ರೊಟ್ಟಿ ಏಳ್ತದ. ಬರೀ ಕಬ್ಬಿಣಕ್ಕ ಹಸಿ ಹಿಟ್ಟು ಬಿತ್ತಂದ್ರ ಜಿಗಣಿ ಹಿಡದಂಗ ಹಿಡೀತದ.”

ತಾಯಪ್ಪ ನಂಬಲಿಲ್ಲ. ಅವಳೇ ಒಂದು ರೊಟ್ಟಿ ಬಡಿದು ಹಾಕಿ ತೋರಿಸಿದಳು. ಕೆರೆದರೆ ಅದು ಚೂರು ಚೂರಾಗಿ ಎದ್ದಿತು. ಒಂದು ಚೂರು ಸೀದಿತ್ತು, ಇನ್ನೊಂದು ಹಸಿಯಾಗಿತ್ತು. ಬಾಲಮ್ಮನಿಗೆ ಅವಳ ಅವ್ವ ಕೊಟ್ಟ ಹಂಚದು, ಈ ಗತಿ ನೋಡಿದರೆ ನಿಂತ ಕಾಲಲ್ಲೇ ಗೋಗಿಗೆ ತಿರುಗುತ್ತಾಳೆ ಎಂದು ಗುರುಲಿಂಗಮ್ಮ ಭವಿಷ್ಯ ನುಡಿದಳು. ಬಸ್ಸು ಬರುವುದರೊಳಗೆ ಹಂಚು ಕರ್ರಗಾಗಲೇಬೇಕಿತ್ತು.

ಕುಸುಬಿ ಎಣ್ಣೆ ಸವರಿ ಕಾಯಿಸು ಎಂದಳು. ತಾಯಪ್ಪ ಸಿಟ್ಟಿನಲ್ಲಿ ಸೌಟುಗಟ್ಟಲೆ ಸುರಿದ. ಮನೆಯ ತುಂಬ ಹೊಗೆ ಎದ್ದಿತು, ಹಂಚಿನ ಮೇಲೆ ಬೆಲ್ಲದ ಪಾಕದಂಥ ಅಂಟು ಕೂತಿತು. ಸವರುವುದಕ್ಕೂ ಸುರಿಯುವುದಕ್ಕೂ ಫರಕು ತಿಳಿಯದವನು ಸಂಸಾರ ಹೇಗೆ ಮಾಡಿದೆಯೋ ಎಂದು ಬೈಸಿಕೊಂಡು, ಅದನ್ನೂ ತಿಕ್ಕಿ ತೆಗೆದು, ಬಟ್ಟೆಯಿಂದ ತೆಳ್ಳಗೆ ಸವರಿದ. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ.

ಹೊಗೆ ಕಂಡು ಓಣಿಯ ವೆಲ್ಡಿಂಗ್ ಅಂಗಡಿಯ ಮರಿಲಿಂಗ ಓಡಿ ಬಂದ. ಈ ಒಲೆಯ ಉರಿ ಸಾಲದು ಎಂದು ಅಂಗಡಿಯಿಂದ ವೆಲ್ಡಿಂಗ್ ಗ್ಯಾಸು ತಂದು ಅದರ ಉರಿಯನ್ನು ಹಂಚಿನ ನಡುಮಧ್ಯಕ್ಕೇ ಹಿಡಿದ. ಹಂಚು ಠಣ್ಣೆಂದು ಬೋಳು ತಲೆಯಂತೆ ಉಬ್ಬಿ ಕೂತಿತು. ಚಿಮುಕಿಸಿದ ನೀರಿನ ಹನಿಗಳು ಶಾಲೆ ಬಿಟ್ಟ ಮಕ್ಕಳಂತೆ ಅಂಚಿಗೆ ಓಡಿದವು. ಮರಿಲಿಂಗ ಸುತ್ತಿಗೆ ಎತ್ತಿದಾಗ ತಾಯಪ್ಪ ಅವನ ಕೈ ಹಿಡಿದ.

“ಬಿಡೋ ತಮ್ಮಾ, ಹೊಡೀಲಿ” ಎಂದಳು ಗುರುಲಿಂಗಮ್ಮ. “ಹಂಚು ಹೋದ್ರ ಹೋಗ್ಲಿ, ಮನಿ ಹೆಣ್ಮಗಳು ಹೋಗಬಾರ್ದು.”

ಮರಿಲಿಂಗ ಹೊಡೆದ. ಹಂಚಿಗೆ ಸಿಡುಬಿನ ಕಲೆಗಳೆದ್ದವು. ಹೇಗೋ ಸಮ ಆಯಿತು, ಕರ್ರಗೂ ಆಯಿತು. ಕಡೆಗೊಂದು ರೊಟ್ಟಿ ಅಂಟದೆ ಎದ್ದು ಉಬ್ಬಿತು. ಅಷ್ಟರಲ್ಲಿ ಆಟೋ ಬಂದು ನಿಂತಿತು.

ಬಾಲಮ್ಮ ಇಳಿದು ಬಂದು, ಹಳೇ ಸೀರೆ ಸುತ್ತಿದ ಗಂಟನ್ನು ಕಟ್ಟೆಯ ಮೇಲಿಟ್ಟು ಬಿಚ್ಚಿದಳು. ಒಳಗೆ ಕರ್ರಗೆ ಮಿರಿಮಿರಿ ಮಿಂಚುವ ಹಂಚು. ಒಲೆಯ ಮೇಲಿನದನ್ನು ನೋಡಿದ ಬಾಲಮ್ಮನ ಮುಖವೂ ಕಪ್ಪಿಟ್ಟಿತು.

“ಸಿಟ್ಟಿನಾಗ ನಮ್ಮವ್ವನ ಹಂಚು ನಾ ತಗೊಂಡೇ ಹೋಗಿದ್ದೆ. ನೀವು ಉಪಾಸ ಬೀಳಬಾರ್ದಂತ, ಗುರುಲಿಂಗಮ್ಮಕ್ಕನ ಸೊಸಿ ಕಡಿಂದ ಅವರ ಹಬ್ಬದ ಹಂಚು ಇಸಗೊಂಡು ಇಟ್ಟಿದ್ದೆ. ಇಷ್ಟು ವರ್ಷ ಉಂಡೀರಿ, ನಿಮ್ಮ ಮನಿ ಹಂಚು ಯಾವ್ದಂತ ಗುರ್ತಿಲ್ಲೇನ್ರಿ?”

ಗಂಟು ಮತ್ತೆ ಕಟ್ಟಿಕೊಂಡು, ಇನ್ನೂ ತಿರುಗದೆ ನಿಂತಿದ್ದ ಆಟೋ ಹತ್ತಿಬಿಟ್ಟಳು.

ಗುರುಲಿಂಗಮ್ಮ ಮರಿಲಿಂಗನ ಕೈಯಿಂದ ಸುತ್ತಿಗೆ ಇಸಿದುಕೊಂಡಳು.