ಈ ಪೆಟ್ಟಿಗೆಗೆ ಸೀಲು ಹಾಕಿದವರು ಯಾರು?

ಹಿತ್ತಲ ಬಾಗಿಲಲ್ಲಿ ಕೂತು ಹುರುಳಿ ಕೇರುತ್ತಿದ್ದೆ. ನಮ್ಮ ಮನೆಯವರು ಬಂದು, “ನಿಮ್ಮ ಮಾವ ಗೋಡೆ ಮೇಲೆ ಬರೆದದ್ದು ಕಂಪನಿಯವರ ಕಿವಿಗೆ ಬಿದ್ದಿದೆ. ನಾಳೆ ಆಫೀಸರು ಬರ್ತಾರೆ. ಅಳಿಸದೇ ಇದ್ರೆ ಕಂಪ್ಯೂಟರ್ ಎತ್ಕೊಂಡು ಹೋಗ್ತಾರಂತೆ” ಎಂದರು. ನನ್ನ ಮೊರ ಗಾಳಿಯಲ್ಲೇ ನಿಂತಿತು.

ನೀವು ನನ್ನ ಸೋದರಮಾವನನ್ನು ನೋಡಿಲ್ಲ. ಪುಣ್ಯವಂತರು! ಕಳ್ಳರ ಕಾಟವನ್ನು ಹೇಗಾದರೂ ತಡೆಯಬಹುದು, ಬಾಗಿಲು ಹಾಕಿಕೊಂಡರಾಯಿತು. ನ್ಯಾಯವಂತರ ಕಾಟಕ್ಕೆ ಯಾವ ಬಾಗಿಲು ಹಾಕುವುದು?

ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ತೂಕ ಹಾಕಿದವರು ಅವರು. ಸುತ್ತಲೂ ಬೆಟ್ಟದಷ್ಟು ಟೊಮೇಟೊ, ಈರುಳ್ಳಿ. ಅಲ್ಲಿಂದ ಒಂದು ಹಸಿಮೆಣಸಿನಕಾಯಿಯನ್ನೂ ಮನೆಗೆ ತಂದವರಲ್ಲ. ದುಡ್ಡು ಕೊಟ್ಟೂ ತಂದವರಲ್ಲ! “ತಕ್ಕಡಿ ಇಡ್ಕೊಂಡೋನು ಯಾಪಾರ ಮಾಡ್ಬಾರ್ದು ಕಣಮ್ಮಿ. ಮಾಡುದ್ರೆ ಮುಳ್ಳು ಅವ್ನ ಕಡೀಕೇ ವಾಲ್ಬುಡ್ತದೆ” ಎನ್ನುವುದು ಅವರ ಸಿದ್ಧಾಂತ. ಹಾಗಾಗಿ ವಾರಕ್ಕೊಮ್ಮೆ ಎರಡು ಬಸ್ಸು ಹತ್ತಿ ಇಳಿದು ಸಂತೆಮರಹಳ್ಳಿ ಸಂತೆಯಿಂದ ತರಕಾರಿ ತರುತ್ತಿದ್ದರು. ಗುಂಡ್ಲುಪೇಟೆಯಿಂದ ಲಾರಿಯಲ್ಲಿ ಹೋದ ಟೊಮೇಟೊ ಅವರ ಕೈಚೀಲದಲ್ಲಿ ಗುಂಡ್ಲುಪೇಟೆಗೇ ವಾಪಸ್ಸು! ಅರಿಸಿನದ ವ್ಯಾಪಾರದ ಸಾಹೇಬರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಅಡ್ಡಗಟ್ಟಿ, “ಏನ್ ಯಜಮಾನ್ರೇ, ಟೊಮೇಟೊಗೂ ಟಿಕೆಟ್ ತಗಂಡ್ರಾ?” ಎಂದರಂತೆ.

“ಅರ್ಧ ಟಿಕೆಟ್ಟು ಸಾಯಬ್ರೇ. ಇನ್ನೂ ದೋರೆಗಾಯಿ!”

ಇಂಥವರು ಕೆಲಸ ಬಿಟ್ಟು ಮನೆಯಲ್ಲಿ ಕೂತ ವರ್ಷವೇ ಉಡಿಗಾಲದ ನಮ್ಮ ಮನೆಗೆ ಕಂಪ್ಯೂಟರ್ ಬರಬೇಕೆ! ನಮ್ಮವರ ಟೈಲರ್ ಅಂಗಡಿ ಮುಚ್ಚಿ ಆರು ತಿಂಗಳಾಗಿತ್ತು. ದೊಡ್ಡ ಕಂಪನಿಯೊಂದು ನಮ್ಮ ಹಜಾರದಲ್ಲಿ ಕಂಪ್ಯೂಟರ್ ಇಟ್ಟು, ತಾರಸಿಯ ಮೇಲೆ ಮಗುಚಿದ ಕೊಡೆಯಂಥ ಆಂಟೆನಾ ಕೂರಿಸಿತು. ಅರಿಸಿನ ಬೆಳೆದವರು ಬೆಳಿಗ್ಗೆ ಬಂದು ಅದರಲ್ಲಿ ದರ ನೋಡಬಹುದು, ಒಪ್ಪಿಗೆಯಾದರೆ ಕಂಪನಿಯ ಗೋಡೌನಿಗೇ ಮೂಟೆ ಹಾಕಬಹುದು. ಹಾಕಿದ ಮೂಟೆಗಿಷ್ಟು ಎಂದು ನಮ್ಮವರಿಗೆ ಕಮಿಷನ್ನು. ಗೋಪಾಲಸ್ವಾಮಿ ಬೆಟ್ಟದ ದಿಕ್ಕಿಗೆ ತಿರುಗಿ ಕೈಮುಗಿದೆ. ಅನ್ನ ತಾನಾಗಿ ಹಜಾರಕ್ಕೆ ಬಂದು ಕೂತರೆ ಮತ್ತೇನು ಮಾಡಲಿ?

ಮಾವ ನೋಡಲು ಬಂದರು. ಕಂಪ್ಯೂಟರಿನ ಹಿಂದೆ ನೋಡಿದರು, ಮೇಜಿನ ಕೆಳಗೆ ಬಗ್ಗಿ ನೋಡಿದರು.

“ಏನ್ ಹುಡುಕ್ತಾ ಇದ್ದೀಯ ಮಾವ?”

“ಸೀಲು ಕಣಮ್ಮಿ. ವರ್ಸಾ ವರ್ಸಾ ಸರ್ಕಾರದೋರು ನನ್ ತಕ್ಕಡಿಗೆ ಸೀಲು ಒಡೀತಿದ್ರು. ಇಲ್ಲಿ ದರ ಏಳೋದೂ ಕಂಪನಿ, ತೂಗೋದೂ ಕಂಪನಿ, ಕೊಳ್ಳೋದೂ ಕಂಪನಿ. ಈ ಪೆಟ್ಟಿಗೆಗೆ ಸೀಲು ಯಾರ್ ಆಕವ್ರೆ ಅಳಿಮಯ್ಯ?”

“ಮಾವ, ಇದು ಇಂಟರ್‌ನೆಟ್ಟು” ಎಂದರು ನಮ್ಮವರು.

“ಆಗ್ಲಿ. ಸೀಲೆಲ್ಲಿ?”

ಅಷ್ಟಕ್ಕೇ ಬಿಟ್ಟರೆ ಅವರು ನಮ್ಮ ಮಾವ ಹೇಗಾದಾರು! ಚಾಮರಾಜನಗರಕ್ಕೆ ಹೋಗಿ ತಕ್ಕಡಿಗೆ ಮುದ್ರೆ ಹಾಕುವ ಕಚೇರಿಯಲ್ಲಿ ಅರ್ಜಿ ಕೊಟ್ಟರು: ಉಡಿಗಾಲದ ಕಂಪ್ಯೂಟರನ್ನು ಪರೀಕ್ಷಿಸಿ ಸೀಲು ಹಾಕತಕ್ಕದ್ದು. ಅಲ್ಲಿನ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ, “ಎಷ್ಟು ಕೆ.ಜಿ.ವರೆಗೂ ತೂಗ್ತದೆ?” ಎಂದು ಕೇಳಿದರಂತೆ.

“ಒಂದ್ ತಾಲ್ಲೂಕಿನ ಅರಿಸಿನವಾ ಒಂದೇ ಸಲಕ್ಕೆ ತೂಗ್ತದೆ ಸ್ವಾಮಿ” ಎಂದು ಹೇಳಿ ಬಂದರು ನಮ್ಮ ಮಾವ! ಅಂಥ ತಕ್ಕಡಿಗೆ ನಮ್ಮಲ್ಲಿ ಕಾನೂನು ಇಲ್ಲ ಎಂದು ಅರ್ಜಿ ವಾಪಸ್ಸು ಬಂತು.

ಆಮೇಲೆ ದಿನಾ ಬೆಳಗಿನ ಬಸ್ಸಿಗೆ ನಮ್ಮ ಮನೆಯಲ್ಲಿ ಹಾಜರು. ನಮ್ಮವರ ಪಕ್ಕ ಕುರ್ಚಿ ಎಳೆದುಕೊಂಡು ಪರದೆಯನ್ನೇ ನೋಡುವರು. ಒಂದು ವಾರಕ್ಕೆ ಗುಟ್ಟು ಹಿಡಿದರು. ಕಂಪನಿಯ ದರ ತಲೆಯ ಮೇಲೆ, ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ. ಈರೋಡಿನದು, ಮಿಕ್ಕ ಊರಿನ ಮಾರ್ಕೆಟ್ಟಿನದು ಎಲ್ಲವೂ ಎಷ್ಟೋ ಕೆಳಗೆ, ಸಾಸಿವೆ ಗಾತ್ರದಲ್ಲಿ. ಅಲ್ಲಿಯವರೆಗೆ ಇಳಿದು ನೋಡುವ ವ್ಯವಧಾನ ಯಾವ ರೈತನಿಗಿದೆ?

“ಸುಳ್ಳೇನೂ ಬರ್ದಿಲ್ವಲ್ಲ ಮಾವ” ಎಂದೆ.

“ಸುಳ್ಳಲ್ಲ ಮಗ. ತಕ್ಕಡಿ ಮೇಲೆ ಎಬ್ಬೆಟ್ಟು ಮಡಗವ್ರೆ, ಅಷ್ಟೇಯ.”

ಸೀಮೆಸುಣ್ಣ ತೆಗೆದುಕೊಂಡು ನಮ್ಮ ಹೊರಗೋಡೆಯ ಮೇಲೆ ಎಲ್ಲ ದರಗಳನ್ನೂ ಒಂದೇ ಗಾತ್ರದಲ್ಲಿ ಬರೆದರು. ಹೆಚ್ಚಿನದು ಮೇಲೆ, ಕಡಿಮೆಯದು ಕೆಳಗೆ. ಕಂಪನಿಯದೇ ಹೆಚ್ಚಿದ್ದ ದಿನ ಅದನ್ನೂ ಮೇಲೆಯೇ ಬರೆದರು, ಆ ದಿನ ಮೂಟೆಗಳೆಲ್ಲ ಗೋಡೌನಿಗೇ ಹೋದವು. ಮಾವನಿಗೆ ಅದರಿಂದ ಸಂತೋಷವೂ ಇಲ್ಲ, ದುಃಖವೂ ಇಲ್ಲ! ಆದರೆ ಮಿಕ್ಕ ದಿನ ರೈತರು ಗೋಡೆ ಓದುವರು, ತಲೆ ತುರಿಸುವರು, ಈರೋಡಿನ ಲಾರಿ ಹತ್ತಿಸುವರು. ನಮ್ಮವರ ಕಮಿಷನ್ನೂ ಅದೇ ಲಾರಿ ಹತ್ತುತ್ತಿತ್ತು.

ಆಫೀಸರು ಬರುತ್ತಾರೆಂದು ಕೇಳಿದ ಸಂಜೆ ಮಾವನನ್ನು ನಾನು ಚೆನ್ನಾಗಿಯೇ ಬೈದೆ. “ನಿನ್ನ ನ್ಯಾಯಾನ ನಿನ್ನ ಗೋಡೆ ಮೇಲೆ ಬರ್ಕೋ ಮಾವ. ನಾವು ಉಣ್ಣೋದು ಬೇಡ್ವಾ?” ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ರಾತ್ರಿ ದೇವರ ಮುಂದೆ ನಿಂತರೆ ಏನು ಬೇಡಬೇಕೆಂದೇ ತಿಳಿಯಲಿಲ್ಲ.

ಮಾರನೆಯ ದಿನ ಬಾಗಿಲು ತೆಗೆದರೆ ಮಾವ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ! ಹೆಗಲ ಟವಲನ್ನು ನನ್ನ ಬಕೆಟ್ಟಿನಲ್ಲಿ ಅದ್ದಿ ಅಕ್ಷರಗಳನ್ನು ಒರೆಸುತ್ತಿದ್ದಾರೆ.

“ಏನ್ ಮಾವ ಇದು?”

“ಬುಡು ಮಗ. ನಿನ್ ಒಲೆ ಉರೀಲಿ.”

ತಿರುಗಿ ನೋಡಲಿಲ್ಲ. ಮೂವತ್ತು ವರ್ಷ ಒಂದು ಮೆಣಸಿನಕಾಯಿಗೂ ವಾಲದ ಮನುಷ್ಯ ನನಗೋಸ್ಕರ ವಾಲುತ್ತಿದ್ದರು. ನನಗೆ ನೋಡಲಾಗಲಿಲ್ಲ.

ಅಷ್ಟರಲ್ಲಿ ಜೀಪು ಬಂತು. ಆಫೀಸರು ಇಳಿದು, ಒದ್ದೆ ಗೋಡೆ ನೋಡಿ, “ಗುಡ್, ಗುಡ್. ಹೀಗೇ ಇರಲಿ” ಎಂದರು.

ನನ್ನ ಬಾಯಿಗೆ ಮಾತು ಎಲ್ಲಿಂದ ಬಂತೋ ಗೋಪಾಲಸ್ವಾಮಿಗೇ ಗೊತ್ತು. “ಇವತ್ತಿಂದು ಇನ್ನೂ ಬರ್ದಿಲ್ಲ ಸಾರ್, ಅದಕ್ಕೇ ಖಾಲಿ. ಈಗ ಬರೀತೀವಿ. ಕಂಪ್ಯೂಟರ್ ನಿಮ್ದು, ಬೇಕಾದ್ರೆ ತಗಂಡು ಹೋಗಿ. ಗೋಡೆ ನಮ್ದು.”

ಆಫೀಸರು ನಮ್ಮವರ ಮುಖ ನೋಡಿದರು. ಯಾರಿಗೂ ಎದುರಾಡದ ನಮ್ಮವರು ಒಳಗೆ ಹೋದರು. ಬೈಯುತ್ತಾರೇನೋ ಎಂದುಕೊಂಡೆ. ಹಜಾರದಿಂದ ದನಿ ಬಂತು: “ಬರ್ಕೊಳ್ಳಿ ಮಾವ, ಮೊದಲು ಈರೋಡಿಂದು...”

ಆಫೀಸರು ಮೇಲಿನವರಿಗೆ ಬರೆಯುತ್ತೇನೆಂದು ಹೇಳಿ ಹೊರಟುಹೋದರು. ಅವರು ಬರೆದು, ಮೇಲಿನವರು ಓದಿ, ಕಂಪ್ಯೂಟರ್ ಎತ್ತಿಸುವ ಹೊತ್ತಿಗೆ ಆ ವರ್ಷದ ಅರಿಸಿನವೆಲ್ಲ ಮಾರಿ ಮುಗಿದಿತ್ತು. ದೇವರು ಅಷ್ಟು ಕೊಟ್ಟ. ಅಷ್ಟನ್ನೇ ಎಣಿಸಿಕೊಂಡೆ.

ಆದರೆ ಆ ಬೆಳಿಗ್ಗೆ ಅದೆಲ್ಲ ಯಾರಿಗೆ ಗೊತ್ತಿತ್ತು? ಮಾವ ಸೀಮೆಸುಣ್ಣ ಹಿಡಿದು ಬರೆಯುತ್ತಿದ್ದರು. ಗೋಡೆ ಒದ್ದೆ, ಕಣ್ಣೂ ಒದ್ದೆ. ಸಾಲು ಎಡಕ್ಕೆ ಹತ್ತಿ ಬಲಕ್ಕೆ ಜಾರಿತ್ತು.

“ಸೊಟ್ಟ ಆಗೋಯ್ತಾ ಮಗ?”

“ಇಲ್ಲ ಮಾವ, ನೆಟ್ಟಗೇ ಅದೆ” ಎಂದು ಹೇಳಿ, ಮುದ್ದೆಗೆ ಎಸರಿಡಲು ಒಳಗೆ ಹೋದೆ.