ಎಂಬತ್ತನಾಲ್ಕು ಮೆಟ್ಟಿಲಿನ ಸುಳ್ಳು

ಸುಳ್ಳು ಹೇಳುವಾಗ ಧೊಂಡಿಬಾನಿಗೆ ಇತಿಹಾಸ ಕೆಡಿಸುವ ಉದ್ದೇಶವೇನೂ ಇರಲಿಲ್ಲ. ಅವನಿಗೆ ಒಂದು ಗಳಿಗೆ ಕೂರಬೇಕಾಗಿತ್ತು, ಅಷ್ಟೆ. ಬೀದರ ಕೋಟೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಗೈಡ್ ಆಗಿದ್ದವನು. ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಉರಿಬಿಸಿಲಲ್ಲಿ, ಯಾವುದೋ ಊರಿನ ದಂಪತಿಗಳು ಮೂಲೆಯ ಬುರುಜು ಹತ್ತಲೇಬೇಕೆಂದು ಹಟ ಹಿಡಿದರು. ಎಂಬತ್ತನಾಲ್ಕು ಮೆಟ್ಟಿಲು. ಧೊಂಡಿಬಾ ತನ್ನ ಮೊಣಕಾಲನ್ನೊಮ್ಮೆ ನೋಡಿಕೊಂಡ.

"ಗಂಡ ಹೆಂಡ್ತಿ ಕೂಡಿ ಅದನ್ನ ಹತ್ತಬಾರದ್ರಿ. ಯಾರೋ ಬೇಗಂ ಶಾಪ ಕೊಟ್ಟಾಳ. ಹತ್ತಿದವರ ಮನ್ಯಾಗ ಎಂಟು ದಿನದಾಗ ಜಗಳ" ಎಂದುಬಿಟ್ಟ. ಅವರು ಹೆದರಿ ಹಿಂತಿರುಗಿದರು. ಇವನು ಬೇವಿನ ನೆರಳಲ್ಲಿ ಕೂತು ಬೀಡಿ ಹಚ್ಚಿದ.

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆ ಗಂಡನ ಕೈಯಲ್ಲಿ ಫೋನಿತ್ತು. ಫೋನಿನಿಂದ ಫೋನಿಗೆ ದಾಟುತ್ತ ಶಾಪಕ್ಕೆ ಪರಿಹಾರವೂ ಹುಟ್ಟಿಕೊಂಡಿತು: ಹಿರಿಯ ಗೈಡ್ ಮುಂದೆ ನಡೆದು, ದಂಪತಿಗಳು ಕೈ ಹಿಡಿದು ಹಿಂದೆ ಹತ್ತಿದರೆ ಜನ್ಮದಲ್ಲಿ ಜಗಳವಿಲ್ಲ! ಕೋಟೆಯ ಗೈಡುಗಳಲ್ಲಿ ಹಿರಿಯ ಇವನೇ. ಅಂದಿನಿಂದ ದಿನಕ್ಕೆ ನಾಲ್ಕೈದು ಸಲ ಬುರುಜು ಹತ್ತುವುದು ಅವನ ಹಣೆಗೆ ಅಂಟಿತು.

ನಿನ್ನೆ ಡಾಕ್ಟರು ಮೊಣಕಾಲು ಒತ್ತಿ ನೋಡಿ, "ಇನ್ನ ಮೆಟ್ಟಲಾ ಹತ್ತಿದ್ರ ಆಪರೇಷನ್ನೇ ನೋಡ್ರಿ" ಎಂದಿದ್ದರು. ಆಪರೇಷನ್ ಎಂದರೆ ಧೊಂಡಿಬಾನಿಗೆ ಜೀವ ಬಾಯಿಗೆ ಬರುತ್ತದೆ. ಇವತ್ತು ಸತ್ಯ ಹೇಳಿಬಿಡುವುದು, ಒಂದು ಮೆಟ್ಟಿಲನ್ನೂ ಹತ್ತದಿರುವುದು ಎಂದು ನಿಶ್ಚಯಿಸಿಯೇ ಅವನು ಮನೆ ಬಿಟ್ಟಿದ್ದ.

ಕೋಟೆ ಬಾಗಿಲ ಬಳಿ ಚಹಾದಂಗಡಿಯ ಕರೀಮ ಸಾಬ ಕೈ ಬೀಸಿ ಕರೆದ. "ಆವ್ ಭಾಯಿ! ಔರಾದ ಕಡೆಯಿಂದ ಹೊಸಾ ಜೋಡಿ ಬಂದದ. ಮದುವಿಯಾಗಿ ಹನ್ನೊಂದೇ ದಿನ, ಆಗ್ಲೇ ಮಾತು ಬಿಟ್ಟಾರ. ನಿಮ್ಮದೇ ದಾರಿ ಕಾಯ್ಲಿಕತ್ತಾರ."

ಧೊಂಡಿಬಾ ಚಹಾ ಊದುತ್ತ ಕೂತ. ಅವನು ಹುಡುಗನಾಗಿದ್ದಾಗ ಭಾಲ್ಕಿಯಲ್ಲಿ ಓಣಿಯವರೆಲ್ಲ ಸೇರಿ ಬಾಡಿಗೆಗೆ ವಿಸಿಆರ್ ತರುತ್ತಿದ್ದರು. ಪರದೆಯ ಮೇಲೆ ಹೀರೋ ಗಾಳಿಯಲ್ಲಿ ಹಾರಿದರೆ ಸೀಟಿ ಹೊಡೆಯುತ್ತಿದ್ದರು. ಮುಂಜಾನೆ ಎದ್ದು ಯಾರೂ ಮಾಳಿಗೆಯಿಂದ ಹಾರಿ ನೋಡುತ್ತಿರಲಿಲ್ಲ. ತಮಾಷೆ ತಮಾಷೆಯ ಜಾಗದಲ್ಲಿ, ಬದುಕು ಬದುಕಿನ ಜಾಗದಲ್ಲಿ ಇತ್ತು. ಈಗ ಎರಡೂ ಒಂದೇ ಫೋನಿನಲ್ಲಿ ಬರುತ್ತವೆ. ಬಹಮನಿ ಸುಲ್ತಾನರು ನೆಲದೊಳಗೆ ಕಾಲುವೆ ಕೊರೆದು ನೀರು ಹರಿಸಿದ್ದನ್ನು ಕೇಳುವವರಿಲ್ಲ, ಎಲ್ಲರಿಗೂ ಇಲ್ಲದ ಬೇಗಂ ಬೇಕು. ಅವನಿಗೆ ನಿಜವಾಗಿಯೂ ಸಾಕಾಗಿಹೋಗಿತ್ತು.

ಆ ಹೊಸ ಜೋಡಿ, ಔರಾದ ಹತ್ತಿರದ ಎಕಂಬಾ ಊರಿನ ಅಮೋಲ್ ಮತ್ತು ಸೋನಾಲಿ, ಬೆಂಚಿನ ಎರಡು ತುದಿಗೆ ಕೂತಿದ್ದರು. ಧೊಂಡಿಬಾ ಅವರ ಮುಂದೆ ಕೈಮುಗಿದ. "ತಂಗಿ, ತಮ್ಮಾ, ಆ ಕತಿ ಸುಳ್ಳದ. ನಾನೇ ಕಟ್ಟಿದ್ದು."

ಸೋನಾಲಿ ನಕ್ಕಳು. "ಕಾಕಾ, ಹತ್ತಲಿಕ್ಕ ಬ್ಯಾಸರ ಅಂತ ಹಿಂಗ ಅಂತೀರೇನ್ರಿ? ತಡೀರಿ, ಫೋನಿಗೇ ಕೇಳ್ತೇನಿ."

ಫೋನು ಮುದ್ದಾದ ದನಿಯಲ್ಲಿ ಉತ್ತರಿಸಿತು: "ಕೋಟೆಯ ಹಿರಿಯ ಗೈಡ್ ಧೊಂಡಿಬಾ ಅವರ ಪ್ರಕಾರ, ಈ ಬುರುಜಿಗೆ ಬೇಗಂ ಒಬ್ಬರ ಶಾಪವಿದೆ."

"ಆ ಧೊಂಡಿಬಾ ನಾನೇ ಅಲ್ಲೇನವ್ವಾ!"

"ನಿಮಗ ವಯಸ್ಸಾಗ್ಯದ್ರಿ ಕಾಕಾ, ಮರ್ತಿರ್ತೀರಿ" ಎಂದ ಅಮೋಲ್, ಬಹಳ ಮರ್ಯಾದೆಯಿಂದ.

ಕರೀಮ ಸಾಬ ಗ್ಲಾಸು ತೊಳೆಯುವುದನ್ನು ಬಿಟ್ಟು ಬಂದ. "ಭಾಯಿ, ಫೋನಿನ್ಯಾಗ ಹಬ್ಬಿದ್ದು ಫೋನಿನ್ಯಾಗೇ ಅಳೀಬೇಕು. ಬುರುಜಿನ ಮ್ಯಾಲ ನಿಂತು ಖರೇ ಹೇಳ್ರಿ, ಇವರು ವಿಡಿಯೋ ಮಾಡ್ತಾರ. ಕೆಳಗ ನಿಂತು ಹೇಳಿದ್ರ ಯಾರು ನಂಬ್ತಾರ? ಇದೊಂದೇ ಸಲ, ಖತಂ."

ಇದೊಂದೇ ಸಲ ಎಂಬ ಮಾತಿಗೆ ಧೊಂಡಿಬಾ ಸೋತ. ಗೋಡೆ ಹಿಡಿದು, ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಅಂತೂ ಮೇಲೆ ಮುಟ್ಟಿದ. ಸೋನಾಲಿ ಫೋನ್ ಎತ್ತಿದಳು. "ಕಾಕಾ, ಸ್ವಲ್ಪ ನಗ್ರಿ. ಅಳೋ ಮಾರಿ ಯಾರೂ ನೋಡಂಗಿಲ್ಲ."

ಧೊಂಡಿಬಾ ನೋವು ನುಂಗಿ ಹಲ್ಲು ಕಿರಿದ. "ನಾ ಧೊಂಡಿಬಾ. ನನಗ ಮೊಣಕಾಲು ಬ್ಯಾನಿ ಅದ. ಡಾಕ್ಟರು ಆಪರೇಷನ್ ಅಂದಾರ. ಆದ್ರೂ ಇವತ್ತ ಎಂಬತ್ನಾಕು ಮೆಟ್ಟಲಾ ಹತ್ತಿ ನಿಮ್ಮ ಮುಂದ ನಿಂತೇನಿ. ಯಾಕಂದ್ರ ನಾ ಖರೇ ಹೇಳಬೇಕಾಗ್ಯದ. ಇಲ್ಲಿ ಶಾಪನೂ ಇಲ್ಲ, ಬೇಗಮ್ಮೂ ಇಲ್ಲ. ಕಾಲು ನೋಯ್ತಿದ್ದವು ಅಂತ ನಾನೇ ಸುಳ್ಳು ಹೇಳಿದ್ದೆ."

ಅಮೋಲ್ ಆ ವಿಡಿಯೋವನ್ನು ಇದ್ದದ್ದು ಇದ್ದ ಹಾಗೆ, ಒಂದಕ್ಷರ ಬಿಡದೆ ಇಂಟರ್ನೆಟ್ಟಿಗೆ ಹಾಕಿದ. ಶಾಪವೇ ಇಲ್ಲವೆಂದ ಮೇಲೆ ಕೈ ಯಾಕೆ ಹಿಡಿಯಬೇಕು ಎಂದು ದಂಪತಿಗಳು ಜಗಳವಾಡುತ್ತಲೇ ಇಳಿದರು. ಧೊಂಡಿಬಾನ ಕಾಲು ಬಾತಿತ್ತು, ಆದರೂ ಎರಡು ವರ್ಷದಲ್ಲಿ ಮೊದಲ ಸಲ ಅವನ ಮನಸ್ಸು ಹಗುರಾಗಿತ್ತು.

ಸಂಜೆ ಮನೆಗೆ ಬಂದರೆ ಹೆಂಡತಿ ಕೇಶರಬಾಯಿ ಹೊಸ್ತಿಲಲ್ಲೇ ಫೋನ್ ಹಿಡಿದು ನಿಂತಿದ್ದಳು. "ರೀ, ಇದು ನೀವೇ ಅಲ್ಲೇನ್ರಿ? ನನಗ ಒಂದು ಮಾತೂ ಹೇಳಲಿಲ್ಲಲ್ಲ!"

ಪೂರ್ತಿ ನೋಡಲು ಯಾರಿಗೆ ಪುರುಸೊತ್ತಿದೆ? ಯಾರೋ ಪುಣ್ಯಾತ್ಮ ವಿಡಿಯೋವನ್ನು ಅರ್ಧಕ್ಕೇ ಕತ್ತರಿಸಿದ್ದ. ನಗುತ್ತಿರುವ ಧೊಂಡಿಬಾ ಮೊಣಕಾಲು ಬ್ಯಾನಿ ಎಂದ, ಆಪರೇಷನ್ ಎಂದ, ಎಂಬತ್ನಾಕು ಮೆಟ್ಟಲಾ ಹತ್ತಿ ನಿಮ್ಮ ಮುಂದ ನಿಂತೇನಿ ಎಂದ. ಅಲ್ಲಿಗೆ ಮುಗಿಯಿತು. ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: 'ಬೀದರ ಬುರುಜಿನ ಪವಾಡ! ಹತ್ತಿದರೆ ಮೊಣಕಾಲು ನೋವು ಮಾಯ!'

ಅವನು ಹೊಸ್ತಿಲ ಮೇಲೆಯೇ ಕುಸಿದು ಕೂತ. ಅಷ್ಟರಲ್ಲಿ ಫೋನ್ ರಿಂಗಾಯಿತು. ಸಾಯಗಾಂವದಿಂದ ಅಕ್ಕ ಜನಾಬಾಯಿ.

"ತಮ್ಮಾ, ನಾಳಿ ಮುಂಜಾನಿ ಬರ್ಲಿಕತ್ತೇವಿ. ಓಣ್ಯಾಗಿನ ಹೆಣ್ಮಕ್ಕಳು ಹದಿನಾರು ಮಂದಿ, ಎಲ್ಲಾರಿಗೂ ಕಾಲು ಬ್ಯಾನಿ. ಕ್ರೂಸರ್ ಗಾಡಿ ಮಾಡೇವಿ."

"ಅಕ್ಕಾ, ಅದೆಲ್ಲಾ ಸುಳ್ಳದ!"

"ಸುಮ್ನಿರು. ನಿನಗ ಸುಳ್ಳು ಹೇಳ್ಲಿಕ್ಕ ಬರಂಗಿಲ್ಲ, ಸಣ್ಣಂವ ಇದ್ದಾಗಿಂದ ನೋಡೇನಿ. ಮತ್ತ ಒಂದು ಮಾತು ಕೇಳು. ಉಳಿದವರು ಹ್ಯಾಂಗರ ಮಾಡಿ ಹತ್ತತಾರ. ನನಗಂತೂ ಒಂದು ಮೆಟ್ಟಲಾನೂ ಆಗಂಗಿಲ್ಲ. ನೀನೇ ಹೊತ್ಕೊಂಡು ಹೋಗು. ನಿನ್ನ ಕಾಲು ಈಗ ಆರಾಮ ಆಗ್ಯಾವಲ್ಲ!"