ಕಾರ್ಡು ನೋಡುವ ಶಾಸ್ತ್ರ

ಅಂಗಡಿಯಲ್ಲಿ ಸಿದ್ಧವಾಗಿರುವುದನ್ನು ತಂದು ನೆಮ್ಮದಿಯಾಗಿರುವವರು ಕೆಲವರು. ಎಲ್ಲ ಸಿದ್ಧವಾಗಿ ಸಿಕ್ಕುತ್ತಿದ್ದರೂ ತಾವೇ ಆರಿಸಿ, ಕೂಡಿಸಿ, ಬಿಗಿದರೇ ಸಮಾಧಾನ ಎನ್ನುವವರು ಇನ್ನು ಕೆಲವರು. ಬೀದಿ ಕೊನೆಯ ಅಂಗಡಿಯಲ್ಲಿ ಬಗೆಬಗೆಯ ಸಾರಿನಪುಡಿ ಸಾಲಾಗಿ ನಿಂತಿದ್ದರೂ ಮನೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕೂರುವ ನಮ್ಮ ಅತ್ತೆ ಎರಡನೆಯ ಪಂಗಡದವರು. ನಾನು ಹುಟ್ಟಿನಿಂದಲೇ ಮೊದಲನೆಯ ಪಂಗಡ. ರೆಡಿಮೇಡ್ ರವಿಕೆ, ರೆಡಿಮೇಡ್ ದೋಸೆಹಿಟ್ಟು, ಕೊನೆಗೆ ಗೌರಿ ಹಬ್ಬಕ್ಕೆ ರೆಡಿಮೇಡ್ ಬಾಗಿನ. ಅಂಥ ನಾನು ನಲವತ್ತೆಂಟು ತುಂಬಿದ ಮೇಲೆ ಒಂದು ಕಂಪ್ಯೂಟರನ್ನು ಬಿಡಿಭಾಗಗಳಿಂದ ನಾನೇ ಕಟ್ಟಬೇಕೆಂದು ಹಟ ಹಿಡಿದೆ. ಅದೂ ಆಫೀಸಿನ ಕೆಲಸಕ್ಕಲ್ಲ, ಆಟ ಆಡಲು. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚ. ಮನೆಗೆ ಬಂದವರು ಆ ಪೆಟ್ಟಿಗೆಯನ್ನು ನೋಡಿ "ಇದು ಯಾರದು?" ಎಂದರೆ "ಮನೇದು" ಎಂದುಬಿಡುತ್ತೇನೆ.

ಇದಕ್ಕೆಲ್ಲ ಮೂಲ ಚೇತನ್‌ನ ಮನೆಯ ಗೃಹಪ್ರವೇಶ. ಜಯನಗರದ ನಮ್ಮ ಇನ್ಶೂರೆನ್ಸ್ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುವ ಈ ಹುಡುಗ ಬಿಟಿಎಂ ಲೇಔಟ್‌ನಲ್ಲಿ ಫ್ಲ್ಯಾಟು ಕೊಂಡು ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದ. ಪೂಜೆ ತಡವಾಯಿತು. ಹೋಮದ ಹೊಗೆ ತಾಳಲಾರದೆ ಒಳಗಿನ ಕೋಣೆಗೆ ಹೋಗಿ ಕೂತೆ. ಅಲ್ಲಿ ಅವನ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟವೊಂದು ತೆರೆದುಕೊಂಡಿತ್ತು. "ಟ್ರೈ ಮಾಡಿ ಮೇಡಂ" ಎಂದು ಹೇಳಿ ಅವನು ಹೋಮಕ್ಕೆ ತುಪ್ಪ ಹಾಕಲು ಓಡಿದ. ನನ್ನ ಬಳಿ ಕಾರಿನ ಲೈಸೆನ್ಸ್ ಇದೆ ಎಂಬುದನ್ನು ಇಲ್ಲಿ ಹೇಳಬೇಕು. ಒಮ್ಮೆ ಬನಶಂಕರಿ ಬಸ್ ನಿಲ್ದಾಣದ ಸಿಗ್ನಲ್ಲಿನಲ್ಲಿ ಕಾರು ಆಫ್ ಆಗಿ, ಹಿಂದಿದ್ದವರೆಲ್ಲ ಸೇರಿ ನನ್ನ ವಂಶಾವಳಿಯನ್ನು ವಿಚಾರಿಸಿಕೊಂಡ ಮೇಲೆ ನಾನು ಸ್ಟೀರಿಂಗ್ ಮುಟ್ಟಿರಲಿಲ್ಲ. ಆದರೆ ಆ ಆಟದಲ್ಲಿ ಬೆಟ್ಟದ ರಸ್ತೆ, ಸಣ್ಣ ಮಳೆ, ಹಿಂದೆ ಮರದ ದಿಮ್ಮಿಗಳ ಲೋಡು, ಮುಂದೆ ವೈಪರಿನ ಟಕ್ ಟಕ್. ಹಾರ್ನ್ ಹೊಡೆಯುವವರು ಒಬ್ಬರೂ ಇಲ್ಲ. ಎಲೆ ಹಾಕಿ ಆಯಿತು ಎಂದು ಯಾರೋ ಎರಡು ಸಲ ಕರೆದರಂತೆ. ನಾನು ಲಾರಿಯನ್ನು ಗೋಡೌನಿಗೆ ರಿವರ್ಸ್ ಹಾಕಿಯೇ ಎದ್ದದ್ದು. ಅಷ್ಟರಲ್ಲಿ ಹೋಳಿಗೆ ಮುಗಿದಿತ್ತು. ಬೇಸರವಾಗಲಿಲ್ಲ ಎಂದರೆ ನನ್ನ ಸ್ಥಿತಿ ನಿಮಗೆ ಅರ್ಥವಾದೀತು.

ಮನೆಯಲ್ಲಿ ವಿಷಯ ತೆಗೆದಾಗ ನಮ್ಮವರು ಪೇಪರ್ ಕೆಳಗಿಳಿಸದೆ "ಯಾರಿಗೆ?" ಎಂದರು. "ನನಗೆ." ಪೇಪರ್ ಇಳಿಯಿತು. ನಾನು ಕಟ್ಟಿ ಆಗಷ್ಟೇ ಎತ್ತಿದ್ದ ಚೀಟಿಯ ದುಡ್ಡು ಅಡುಗೆಮನೆಯ ಕಪಾಟುಗಳಿಗೆ ಎಂದು ಅವರ ಮನಸ್ಸಿನಲ್ಲಿತ್ತು. ಆದರೆ ಮದುವೆಯಾದಾಗಿನಿಂದ ನಾನು ನನಗೆ ಬೇಕೆಂದು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಇದು ಎಂಬುದು ಅವರಿಗೂ ಹೊಳೆದಿರಬೇಕು. "ಸರಿ, ಐವತ್ತು ಸಾವಿರ. ಅದರ ಮೇಲೆ ಒಂದು ಪೈಸೆ ಇಲ್ಲ" ಎಂದರು. ಒಪ್ಪಿಗೆ ಇಷ್ಟು ಸುಲಭವಾಗಿ ಸಿಕ್ಕಿದ್ದರಿಂದ, ಹಿಂದೆ ಕೇಳದೆ ಬಿಟ್ಟದ್ದೆಲ್ಲ ನೆನಪಾಗಿ ಒಂದು ಕ್ಷಣ ಹೊಟ್ಟೆ ಉರಿಯಿತು.

ಅಂದಿನಿಂದ ಬಸ್ಸಿನಲ್ಲಿ ಕೂತಾಗಲೆಲ್ಲ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ವಿಡಿಯೋ ನೋಡಿ ಕಲಿತೆ. ಲೆಕ್ಕ ಹಾಕಲು ಪ್ರೊಸೆಸರ್, ಎಲ್ಲವನ್ನೂ ಹಿಡಿದಿಡಲು ಮದರ್‌ಬೋರ್ಡ್, ಕೆಲಸ ಹರಡಿಕೊಳ್ಳಲು ರ್‍ಯಾಮ್, ಕರೆಂಟು ಹಂಚಲು ಪವರ್ ಸಪ್ಲೈ. ಇನ್ನು ಗ್ರಾಫಿಕ್ಸ್ ಕಾರ್ಡ್ ಎಂದರೆ ಪರದೆಯ ಮೇಲೆ ಬೆಟ್ಟವನ್ನು ಬೆಟ್ಟದ ಹಾಗೆ, ಮಳೆಯನ್ನು ಮಳೆಯ ಹಾಗೆ ಬಿಡಿಸುವ ಭಾಗ. ಅರ್ಧ ದುಡ್ಡು ನುಂಗುವುದು ಅದೇ. ವಿಡಿಯೋದಲ್ಲಿ ಒಬ್ಬ ಹುಡುಗ "ಈ ಪ್ರೊಸೆಸರ್ ತಗೊಳ್ಳದಿದ್ದರೆ ಮೂರ್ಖರು" ಎಂದರೆ, ಮುಂದಿನ ಸ್ಟಾಪು ಬರುವಷ್ಟರಲ್ಲಿ ಇನ್ನೊಬ್ಬ "ಅದನ್ನು ತಗೊಂಡವರು ಮೂರ್ಖರು" ಎನ್ನುತ್ತಿದ್ದ. ಕುಮಾರಸ್ವಾಮಿ ಲೇಔಟ್‌ನಲ್ಲಿ ಬಸ್ಸು ಹತ್ತುವಾಗ ಬುದ್ಧಿವಂತೆಯಾಗಿದ್ದವಳು ಜಯನಗರದಲ್ಲಿ ಇಳಿಯುವಾಗ ಮೂರ್ಖಳಾಗಿರುತ್ತಿದ್ದೆ. ಚೇತನ್ ಮಾತ್ರ ಸಮಾಧಾನವಾಗಿ ಹೇಳಿದ: "ಮೇಡಂ, ಸ್ವಲ್ಪಮಟ್ಟಿಗೆ ಚಿತ್ರ ತೋರಿಸೋ ಶಕ್ತಿ ತನ್ನಲ್ಲೇ ಇರೋ ಪ್ರೊಸೆಸರ್ ತಗೊಳ್ಳಿ. ಕಾರ್ಡ್ ಲೇಟಾದ್ರೂ ಕೈ ಬಿಡಲ್ಲ." ನನಗೆ ಆ ಮಾತು ಅಪಶಕುನದಂತೆ ಕೇಳಿಸಿದರೂ ಒಪ್ಪಿಕೊಂಡೆ.

ಮನೆಯವರೂ ಸುಮ್ಮನಿರಲಿಲ್ಲ. ನಮ್ಮವರಿಗೆ ಯಾವುದನ್ನೇ ಕೊಳ್ಳುವಾಗಲೂ ಒಂದು ಸೈಜು ದೊಡ್ಡದೇ ಬೇಕು. ಚಿಕ್ಕಂದಿನಲ್ಲಿ ಅತ್ತೆ ಅವರಿಗೆ ಹೊಲಿಸುತ್ತಿದ್ದ ಯೂನಿಫಾರಂ ಮೂರು ತರಗತಿ ಬಾಳುತ್ತಿತ್ತಂತೆ. ಹಾಗಾಗಿ ಮದರ್‌ಬೋರ್ಡೂ ದೊಡ್ಡದೇ ಇರಲಿ, ಮುಂದೆ ಬೇಕಾದೀತು ಎಂದರು. ಮುಂದೆ ಎಂದರೆ ಯಾವಾಗ, ನಾನು ರಿಟೈರ್ ಆಗಿ ದೊಡ್ಡ ಲಾರಿ ಕೊಂಡಾಗಲೇ ಎಂದು ಕೇಳಿದೆ. ಅತ್ತೆಗೆ ತಂತ್ರಜ್ಞಾನದ ಗೊಡವೆಯಿಲ್ಲ. ಪೆಟ್ಟಿಗೆ ಹಾಲಿನ ಮೂಲೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ಕೂರಬೇಕು, ಅಷ್ಟೆ. ಗೇಣಿನಲ್ಲಿ ಅಳೆದು, ಫೋನಿನಲ್ಲಿ ನಾನು ತೋರಿಸಿದ ಕ್ಯಾಬಿನೆಟ್ಟುಗಳನ್ನೆಲ್ಲ "ಎತ್ತರ ಜಾಸ್ತಿ" ಎಂದು ತಳ್ಳಿಹಾಕಿದರು. ಬಣ್ಣದ ದೀಪವಿರುವುದನ್ನು ಮಾತ್ರ ಎರಡು ಸಲ ನೋಡಿ "ಇದು ದೀಪಾವಳಿಗೂ ಆಗುತ್ತೆ" ಎಂದರು.

ಅಷ್ಟರಲ್ಲಿ ಧನುರ್ಮಾಸ ಹಿಡಿಯಿತು. "ಈಗ ಹೊಸದೇನೂ ತರೋದು ಬೇಡ. ಸಂಕ್ರಾಂತಿ ಕಳೀಲಿ" ಎಂದರು ಅತ್ತೆ. ಆಗಲೇ ರ್‍ಯಾಮಿನ ಬೆಲೆ ಏರತೊಡಗಿತ್ತು. ನಾನು ದಿನವೂ ಫೋನು ತೆಗೆದು ನೋಡಿ ನಿಟ್ಟುಸಿರು ಬಿಡುತ್ತಿದ್ದರೆ ಅವರು ಅವರೇಕಾಯಿ ಸುಲಿಯುತ್ತಾ ಧೈರ್ಯ ಹೇಳುತ್ತಿದ್ದರು: "ಅವರೇಕಾಯಿ ನೋಡು, ಮೊದಮೊದಲು ಮುಟ್ಟೋ ಹಾಗಿರಲಿಲ್ಲ. ಈಗ ಗಾಡಿಯವನೇ ಕೂಗಿ ಕೂಗಿ ಕೊಡ್ತಾನೆ. ಅದೂ ಇಳಿಯುತ್ತೆ ಬಿಡು." ಅವರೇಕಾಯಿ ಇಳಿಯಿತು, ರ್‍ಯಾಮ್ ಇಳಿಯಲಿಲ್ಲ. ಸಂಕ್ರಾಂತಿ ಮುಗಿದು ಎಳ್ಳುಬೆಲ್ಲದ ಡಬ್ಬಿ ಖಾಲಿಯಾಗುವ ಹೊತ್ತಿಗೆ ಅದರ ಬೆಲೆ ನನ್ನ ಗ್ರಾಫಿಕ್ಸ್ ಕಾರ್ಡಿನ ಪಾಲನ್ನೂ ತಿಂದು ಕೂತಿತ್ತು. ಉಳಿದ ಭಾಗಗಳನ್ನೆಲ್ಲ ತರಿಸಿದ ಮೇಲೆ ಕೈಯಲ್ಲಿ ಮಿಕ್ಕಿದ್ದರಲ್ಲಿ ಹೊಸ ಕಾರ್ಡಿನ ಖಾಲಿ ಡಬ್ಬ ಬರಬಹುದಿತ್ತೇನೋ. ಚೇತನ್ ಯೋಚಿಸಿ ದಾರಿ ಹೇಳಿದ: "ಸೆಕೆಂಡ್ ಹ್ಯಾಂಡ್ ನೋಡೋಣ ಮೇಡಂ. ಬಿಳೇಕಹಳ್ಳೀಲಿ ನನ್ನ ಫ್ರೆಂಡೊಬ್ಬ ಮಾರ್ತಿದ್ದಾನೆ. ಸಖತ್ ಕಾರ್ಡು."

"ನಾನೂ ಬರ್ತೀನಿ" ಎಂದು ಅತ್ತೆ ಸೀರೆ ಬದಲಾಯಿಸಿಯೇಬಿಟ್ಟರು. "ನಿಮಗೇನು ಗೊತ್ತಾಗುತ್ತೆ ಅತ್ತೆ?" ಎಂದರೆ, "ಬಳಸಿದ ಸಾಮಾನು ತಗೊಳ್ಳೋವಾಗ ಸಾಮಾನು ನೋಡಬಾರದು ಕಣೆ, ಮನೆ ನೋಡಬೇಕು" ಎಂದರು. ಹೀಗೆ ಒಂದು ಭಾನುವಾರ ಬೆಳಿಗ್ಗೆ ಅತ್ತೆ ಸೊಸೆ ಆಟೋದಲ್ಲಿ ಹೊರಟೆವು.

ಮಾರುವವನ ಹೆಸರು ನಿತಿನ್. ಎರಡನೆಯ ಮಹಡಿಯ ಬಾಡಿಗೆ ಮನೆ. ಕಾರ್ಡು ಇನ್ನೂ ಅವನ ಕಂಪ್ಯೂಟರಿನೊಳಗೇ ಇತ್ತು. "ಓಡಿಸಿ ನೋಡಿ ಮೇಡಂ, ಆಮೇಲೆ ಬಿಚ್ಚಿಕೊಡ್ತೀನಿ. ಧೂಳು ಕೂರೋಕೇ ಬಿಟ್ಟಿಲ್ಲ. ವಾರವಾರ ಬ್ರಷ್ ಹಾಕ್ತಿದ್ದೆ" ಎಂದು ಹೇಳುವಾಗ ಅವನ ದನಿ, ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವವರ ದನಿಯಂತೆ ಸ್ವಲ್ಪ ನಡುಗಿತು. ಅತ್ತೆ ಸೋಫಾದಲ್ಲಿ ನೆಟ್ಟಗೆ ಕೂತು ವಿಚಾರಣೆ ಶುರುಮಾಡಿದರು.

"ಇಷ್ಟು ಚೆನ್ನಾಗಿ ಇಟ್ಕೊಂಡಿದ್ದೀಯ. ಮತ್ಯಾಕಪ್ಪ ಮಾರ್ತಿದ್ದೀಯ?"

ನಿತಿನ್ ಅಡುಗೆಮನೆಯ ಕಡೆ ನೋಡಿ ದನಿ ಇಳಿಸಿದ. "ಮದ್ವೆ ಆಯ್ತು ಅಜ್ಜಿ."

"ಕೇಳಿಸ್ತು!" ಎಂದಿತು ಅಡುಗೆಮನೆ.

ಕಾಫಿಯ ತಟ್ಟೆ ಹಿಡಿದು ಬಂದದ್ದು ಅವನ ಹೆಂಡತಿ ಅಪೂರ್ವ. "ನೀವೇ ಹೇಳಿ ಅಜ್ಜಿ. ಶನಿವಾರ ಭಾನುವಾರ ಬಂದ್ರೆ ಇವ್ರು ಇಲ್ಲಿ ಢಂ ಢಂ ಅಂತ ಗುಂಡು ಹಾರಿಸ್ತಾ ಕೂತಿರ್ತಾರೆ. ನಾನೊಬ್ಳೇ ಗೋಡೆ ನೋಡ್ಕೊಂಡು ಊಟ ಮಾಡ್ಬೇಕು." ಆಮೇಲೆ ನನ್ನ ಕಡೆ ತಿರುಗಿ ಕನಿಕರದಿಂದ ಕೇಳಿದಳು. "ಮಗನಿಗಾ ಆಂಟಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟರು. "ಮಗನಿಗಲ್ಲಮ್ಮ, ಇವಳಿಗೇ. ಲಾರಿ ಓಡಿಸ್ತಾಳೆ."

ಎಷ್ಟು ಗಂಭೀರವಾಗಿ ಹೇಳಿದರೆಂದರೆ ಆ ಹುಡುಗಿ ನನ್ನ ಅಂಗೈಗಳನ್ನು ನೋಡಿದಳು. ಮಾನ ಉಳಿಸಿಕೊಳ್ಳಲು ನಾನು ಕಂಪ್ಯೂಟರಿನ ಮುಂದೆ ಕೂತೆ. ನಿತಿನ್ ಲಾರಿಯ ಆಟವನ್ನು ತೆರೆದುಕೊಟ್ಟ. ಅಬ್ಬಾ, ಅದೇನು ಕಾರ್ಡು! ಗಾಜಿನ ಮೇಲೆ ಮಳೆಹನಿ ಜಾರುವುದು, ರಸ್ತೆಯ ನೀರಿನಲ್ಲಿ ಎದುರು ಬರುವ ಗಾಡಿಯ ದೀಪ ಒಡೆದು ಚೂರಾಗುವುದು, ಬೆಟ್ಟದ ಮರಗಳ ಎಲೆ ಎಲೆಯೂ ಬೇರೆ ಬೇರೆ. ನಾನು ತಿರುವುಗಳಲ್ಲಿ ಗೇರು ಇಳಿಸಿ, ಏರಿನಲ್ಲಿ ದಮ್ಮು ಕಟ್ಟಿ ಹೋಗುತ್ತಿದ್ದರೆ ಅಪೂರ್ವ ತಟ್ಟೆಯನ್ನು ಹಿಡಿದುಕೊಂಡೇ ಹಿಂದೆ ಬಂದು ನಿಂತಳು.

"ಇದ್ರಲ್ಲಿ ಗುಂಡು ಹಾರಿಸೋದು ಇಲ್ವಾ ಆಂಟಿ?"

"ಇಲ್ಲಮ್ಮ. ಸುಮ್ನೆ ಹೋಗ್ತಾ ಇರೋದು."

"ಎಲ್ಲಿಗೆ?"

"ಎಲ್ಲಿಗೆ ಬೇಕಾದ್ರೂ."

"ತಪ್ಪು ಮಾಡಿದ್ರೆ ಯಾರೂ ಬೈಯಲ್ವಾ?"

"ಯಾರು ಬೈತಾರೆ? ಲಾರಿ ನಮ್ಮದು, ರಸ್ತೆ ನಮ್ಮದು."

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ನನ್ನ ಮಾತನ್ನು ಅಷ್ಟು ಆಸಕ್ತಿಯಿಂದ ಕೇಳುವವರು ಸಿಕ್ಕಿ ಎಷ್ಟು ಕಾಲವಾಗಿತ್ತೋ! "ಬಾ, ನೀನೂ ಒಂದು ರೌಂಡು ಹೋಗು" ಎಂದು ಕುರ್ಚಿ ಬಿಟ್ಟುಕೊಟ್ಟೆ. ಕನ್ನಡಿ ನೋಡುವುದು ಹೇಗೆ, ಇಳಿಜಾರಿನಲ್ಲಿ ಬ್ರೇಕು ಎಷ್ಟು ಒತ್ತಬೇಕು, ಎಲ್ಲ ಕಲಿಸಿದೆ. ಮೊದಲು ಅವಳು ಒಂದು ಬೇಲಿ ಮುರಿದಳು. ಆಮೇಲೆ ತುಟಿ ಕಚ್ಚಿಕೊಂಡು ಒಂದು ಪೂರ್ತಿ ಬೆಟ್ಟ ಇಳಿದಳು. ಸೋಫಾದಲ್ಲಿ ನಿತಿನ್ ಮತ್ತು ಅತ್ತೆ ತಣ್ಣಗಾದ ಕಾಫಿ ಕುಡಿಯುತ್ತಾ ಅವರೇಕಾಯಿಯ ಬೆಲೆ ಮಾತಾಡುತ್ತಿದ್ದರು. ಲಾರಿಯನ್ನು ಗೆರೆಯೊಳಗೆ ತಂದು ನಿಲ್ಲಿಸಿ ಅಪೂರ್ವ ಕುರ್ಚಿಯನ್ನು ತಿರುಗಿಸಿದಳು. ಮುಖ ಕೆಂಪಾಗಿತ್ತು.

"ರೀ, ಇದನ್ನ ಮಾರೋದು ಬೇಡ."

ನಿತಿನ್‌ನ ಮುಖ ಹಬ್ಬದ ದೀಪದ ಹಾಗೆ ಬೆಳಗಿತು. ಮರುಕ್ಷಣವೇ ಅವನಿಗೇನೋ ಹೊಳೆಯಿತು. "ಸರಿ... ಅಂದ್ರೆ, ಶನಿವಾರ ಭಾನುವಾರ ನಾನು?"

"ನೀವು ಗೋಡೆ ನೋಡ್ಕೊಂಡು ಊಟ ಮಾಡಿ" ಎಂದಳು ಅಪೂರ್ವ. ನನ್ನ ಎರಡೂ ಕೈ ಹಿಡಿದುಕೊಂಡು "ತಪ್ಪು ತಿಳ್ಕೋಬೇಡಿ ಆಂಟಿ" ಎಂದು ಅರಿಶಿನ ಕುಂಕುಮ, ಬಾಳೆಹಣ್ಣು ಕೊಟ್ಟು ಕಳಿಸಿದಳು. ಆಟೋದಲ್ಲಿ ಅತ್ತೆ ಬಾಳೆಹಣ್ಣು ಸುಲಿದು ಅರ್ಧ ನನಗೆ ಕೊಟ್ಟು, "ಮನೆ ಒಳ್ಳೇದು ಕಣೆ. ನೀನೇ ವ್ಯಾಪಾರಕ್ಕೆ ಹೋಗಿ ಪಾಠ ಹೇಳಿ ಬಂದೆ" ಎಂದರು. ನನಗೆ ಅಳು ಬರುವ ಹಾಗಿತ್ತು, ನಗುವೂ ಬಂತು. ಆಟೋದವನು ಕನ್ನಡಿಯಲ್ಲಿ ನೋಡಿ ಗಾಬರಿಯಾದ.

ಅಂದು ಮಧ್ಯಾಹ್ನವೇ ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ, ಇದ್ದ ಭಾಗಗಳನ್ನೇ ಜೋಡಿಸಲು ಕೂತೆ. ನಮ್ಮವರು ಟಾರ್ಚು ಹಿಡಿದು ನಿಂತರು. ಬಯಸಿದ ಕಾರ್ಡು ಸಿಗಲಿಲ್ಲವೆಂದು ಅವರಿಗೂ ಮರುಕವಿತ್ತೆಂದು ತೋರುತ್ತದೆ, ದೊಡ್ಡ ಮದರ್‌ಬೋರ್ಡಿನ ಮಾತೆತ್ತಲಿಲ್ಲ. ಪ್ರೊಸೆಸರ್ ಕೂರಿಸುವಾಗ ಅತ್ತೆಯೂ ಬಂದು ಬಗ್ಗಿ ನೋಡಿದರು. ಕೊನೆಗೆ ಎರಡು ಸ್ಕ್ರೂ ಮಿಕ್ಕಿದವು. ಎಲ್ಲಿಯವೆಂದು ಯಾರಿಗೂ ತಿಳಿಯದೆ ಅತ್ತೆ ಅವನ್ನು ಹೊಲಿಗೆ ಯಂತ್ರದ ಡ್ರಾಯರಿಗೆ ಹಾಕಿದರು. ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಪರದೆ ಬೆಳಗಿತು. ಚೇತನ್ ಹೇಳಿದ ಪ್ರೊಸೆಸರ್ ನಿಜವಾಗಿಯೂ ಕೈಬಿಡಲಿಲ್ಲ. ನನ್ನ ಕೈಯಾರೆ ಕಟ್ಟಿದ ವಸ್ತುವೊಂದು ಬದುಕಿನಲ್ಲಿ ಮೊದಲ ಬಾರಿಗೆ ಕಣ್ಣು ಬಿಟ್ಟಿತ್ತು. ಅತ್ತೆ ಅದಕ್ಕೊಂದು ಕುಂಕುಮದ ಬೊಟ್ಟಿಟ್ಟರು.

ಆಟವೂ ಓಡುತ್ತದೆ. ಬೆಟ್ಟಗಳು ಕಲಸಿಟ್ಟ ಮುದ್ದೆಯಂತಿವೆ, ಮರಗಳು ತಲೆಕೆಳಗಾಗಿ ನಿಲ್ಲಿಸಿದ ಪೊರಕೆಯಂತಿವೆ, ಮಳೆ ಶಾವಿಗೆ ಎಳೆಯಂತೆ ಸುರಿಯುತ್ತದೆ. ಆದರೂ ಲಾರಿ ನನ್ನದೇ, ಆಫೀಸಿನಿಂದ ಬಂದು ಒಂದು ಲೋಡು ಇಳಿಸಿಯೇ ಅಡುಗೆಗೆ ಹೋಗುತ್ತೇನೆ. ಅಪೂರ್ವ ಆಗಾಗ ಫೋನ್ ಮಾಡಿ ರಿವರ್ಸ್ ಹಾಕುವುದನ್ನು ಕೇಳುತ್ತಾಳೆ. ಎಲೆ ಎಲೆಯೂ ಕಾಣುವ ತನ್ನ ಬೆಟ್ಟದ ಫೋಟೋ ಕಳಿಸುತ್ತಾಳೆ. ನಾನು "ಸೂಪರ್" ಎಂದು ಉತ್ತರಿಸುತ್ತೇನೆ. ಮೊನ್ನೆ ಚೇತನ್ ಜೊತೆ ಫೋನಿನಲ್ಲಿ ಮಾತಾಡುತ್ತಾ, "ಗ್ರಾಫಿಕ್ಸೇ ಎಲ್ಲಾ ಅಲ್ಲ ಕಣ್ರೀ, ಇದ್ದಿದ್ದರಲ್ಲಿ ತೃಪ್ತಿ ಇರಬೇಕು" ಎನ್ನುತ್ತಿದ್ದೆ. ಒಳಗಿನಿಂದ ಅತ್ತೆಯ ದನಿ ಬಂತು: "ಹೌದೌದು, ಅದಕ್ಕೇ ಆ ಹುಡುಗಿಗೆ ಬೇಗ ಒಂದು ಮಗು ಆಗಲಿ, ಕಾರ್ಡು ಮಾರಲಿ ಅಂತ ದೇವರಿಗೆ ದೀಪ ಹಚ್ತಾ ಇದ್ದಾಳೆ!"

ಶುದ್ಧ ಸುಳ್ಳು. ದೀಪ ನಾನು ಮೊದಲಿನಿಂದಲೂ ದಿನಾ ಹಚ್ಚುತ್ತೇನೆ. ಈಚೆಗೆ ಒಂದು ಬತ್ತಿ ಹೆಚ್ಚಾಗಿದೆ, ಅಷ್ಟೆ.